ಜಾತಿ ಕಾಲಂನಲ್ಲಿ ಏನು ಬರೆಸಬೇಕು? ಒಂದು ಪದ ತಪ್ಪಿದರೆ ಏನಾಗುತ್ತೆ? ಇಲ್ಲಿದೆ ವಿವರ

ಚಾಮರಾಜನಗರ/ಗುಂಡ್ಲುಪೇಟೆ: ಶಾಲೆ-ಕಾಲೇಜು ದಾಖಲಾತಿ ಶುರುವಾದರೆ ಸಾಕು, ನಾಡಕಚೇರಿಗಳ ಮುಂದೆ ಜನ ಜಮಾಯಿಸುತ್ತಾರೆ. ಹಾಸ್ಟೆಲ್‌ಗೆ ಜಾತಿ ಪ್ರಮಾಣಪತ್ರ ಬೇಕು, ವಿದ್ಯಾರ್ಥಿವೇತನಕ್ಕೆ ಬೇಕು, ಸೀಟಿಗೆ ಬೇಕು, ಕೆಲಸಕ್ಕೆ ಬೇಕು. ಕಾಡಂಚಿನ ಪೋಡು, ಹಾಡಿಗಳ ಜನರಿಗೆ ಜಮೀನಿನ ಹಕ್ಕಿಗೂ ಅದೇ ಬೇಕು. ಅರ್ಜಿಯಲ್ಲಿ ಒಂದೇ ಒಂದು ಖಾಲಿ ಜಾಗ ಇರುತ್ತದೆ. ಅದರಲ್ಲಿ ಏನು ಬರೆಸುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಸಮಸ್ಯೆ ಏನಪ್ಪಾ ಅಂದ್ರೆ, ಊರಿನಲ್ಲಿ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು ಒಂದು, ಶಾಲೆ ಮೇಷ್ಟ್ರು ಬರೆದದ್ದು ಇನ್ನೊಂದು, ಸರ್ಕಾರದ ಪಟ್ಟಿಯಲ್ಲಿ ಇರುವುದು ಮತ್ತೊಂದು. ಮೂರೂ ಹೊಂದದಿದ್ದರೆ ಅರ್ಜಿ ವಾಪಸ್. ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಬೇರೆ ಕಡೆಗಿಂತ ಹೆಚ್ಚು. ಯಾಕೆ ಅನ್ನುವುದಕ್ಕೆ ಕಾರಣಗಳಿವೆ.

'ಜನಾಂಗ' ಅಂದರೆ ಏನು?

ಹಳ್ಳಿ ಕಡೆ ಹೊಸಬರು ಬಂದರೆ "ನಿಮ್ಮದು ಯಾವ ಜನಾಂಗ?" ಅಂತ ಕೇಳುವುದುಂಟು. ಜಾತಿ ಅಂತ ನೇರವಾಗಿ ಕೇಳಿದರೆ ಒರಟಾಗುತ್ತೆ ಅಂತ ಜನಾಂಗ ಅನ್ನುತ್ತಾರೆ. ನಾಯಕ ಜನಾಂಗ, ಉಪ್ಪಾರ ಜನಾಂಗ, ಕುರುಬ ಜನಾಂಗ ಅನ್ನುವ ಮಾತು ಬ್ಯಾನರ್‌ಗಳಲ್ಲೂ ಇರುತ್ತದೆ. ಆದರೆ ಪುಸ್ತಕದ ಕನ್ನಡದಲ್ಲಿ ಜನಾಂಗ ಅಂದರೆ 'ರೇಸ್'. ಕರಿಯರು, ಬಿಳಿಯರು ಅನ್ನುವ ಥರದ ವಿಂಗಡಣೆ. ಎರಡೂ ಒಂದೇ ಅಲ್ಲ.

ಬ್ರಿಟಿಷರ ಕಾಲದಲ್ಲಿ ಇವೆರಡನ್ನೂ ಕಲಸಿಬಿಟ್ಟಿದ್ದರು. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ, ಮೂಗಿನ ಅಳತೆ ತೆಗೆದು ಯಾವ ಜಾತಿ ಯಾವ ರೇಸ್‌ಗೆ ಸೇರಿದ್ದು ಅಂತ ಹೇಳಬಹುದು ಅಂತ ನಂಬಿದ್ದವರು. ಮದ್ರಾಸ್ ಕಡೆ ಎಡ್ಗರ್ ಥರ್ಸ್ಟನ್ ಕೂಡ ಹೀಗೇ ಜನರ ತಲೆ, ಮೂಗು ಅಳೆದರು. ಅವರು 1909ರಲ್ಲಿ ತಂದ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಹೆಸರುಗಳಿವೆ. ಮೂಗಿನ ಲೆಕ್ಕ ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಕಾಲದ ಅಧಿಕಾರಿಗಳು ಕಿವಿಗೆ ಕೇಳಿಸಿದ ಹಾಗೆ ಇಂಗ್ಲಿಷ್‌ನಲ್ಲಿ ಬರೆದುಕೊಂಡ ಎಷ್ಟೋ ಹೆಸರುಗಳು ಮಾತ್ರ ಕಡತದಲ್ಲಿ ಉಳಿದುಕೊಂಡವು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ 1930ರ ಜನಗಣತಿಯಲ್ಲಿ 'ಹಿಂದೂ' ಅನ್ನುವುದು ಒಂದು ರೇಸ್‌ನ ಹೆಸರಾಗಿತ್ತು. ಭಾರತದಿಂದ ಹೋದವನು ಸಿಖ್ ಆಗಿರಲಿ, ಮುಸ್ಲಿಂ ಆಗಿರಲಿ, ಅವನನ್ನು ಅದೇ ಕಾಲಂಗೆ ಹಾಕುತ್ತಿದ್ದರು. ಫಾರಂ ಮಾಡಿದವನಿಗೆ ಏನು ಗೊತ್ತೋ ಅದೇ ಜನರ ಹೆಸರಾಯಿತು.

ಸ್ವತಂತ್ರ ಭಾರತದ ಫಾರಂಗಳಲ್ಲಿ ರೇಸ್ ಕಾಲಂ ಇಲ್ಲ. ಜಾತಿ ಬೇರೆ, ರೇಸ್ ಬೇರೆ ಅಂತ 2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆ ಸಮ್ಮೇಳನದಲ್ಲೂ ಭಾರತ ಸರ್ಕಾರ ವಾದಿಸಿತು. ನಮ್ಮ ಫಾರಂಗಳಲ್ಲಿ ಇರುವುದು ಜಾತಿ, ಉಪಜಾತಿ, ಪಂಗಡ, ವರ್ಗ, ಬುಡಕಟ್ಟು. ಇವುಗಳಲ್ಲಿ ಪ್ರತಿ ಪದಕ್ಕೂ ಕಾನೂನಿನಲ್ಲಿ ಬೇರೆ ಬೇರೆ ತೂಕ ಇದೆ.

ಪಟ್ಟಿ ಮಾಡಿದವರು ಯಾರು?

'ಪರಿಶಿಷ್ಟ' ಅಂದರೆ ಪಟ್ಟಿಯಲ್ಲಿ ಸೇರಿಸಿದ್ದು ಅಂತ ಅಷ್ಟೇ ಅರ್ಥ. ಸಂವಿಧಾನದ 341ನೇ ವಿಧಿ ಪರಿಶಿಷ್ಟ ಜಾತಿಗೆ, 342ನೇ ವಿಧಿ ಪರಿಶಿಷ್ಟ ಪಂಗಡಕ್ಕೆ. ರಾಷ್ಟ್ರಪತಿಗಳು 1950ರಲ್ಲಿ ಎರಡೂ ಪಟ್ಟಿ ಹೊರಡಿಸಿದರು. ಆಮೇಲೆ ಅದರಲ್ಲಿ ಒಂದು ಹೆಸರು ಸೇರಿಸಬೇಕು, ತೆಗೆಯಬೇಕು ಅಂದರೆ ಸಂಸತ್ತು ಕಾನೂನು ಮಾಡಬೇಕು. ತಹಶೀಲ್ದಾರ್, ಜಿಲ್ಲಾಧಿಕಾರಿ, ರಾಜ್ಯ ಸರ್ಕಾರ, ಯಾರಿಗೂ ಆ ಅಧಿಕಾರ ಇಲ್ಲ.

ಈಗ ಕರ್ನಾಟಕದ ಪಟ್ಟಿಯಲ್ಲಿ 101 ಪರಿಶಿಷ್ಟ ಜಾತಿ, 50 ಪರಿಶಿಷ್ಟ ಪಂಗಡಗಳಿವೆ.

ಇನ್ನೊಂದು ಮಾತು. 'ಆದಿವಾಸಿ', 'ಗಿರಿಜನ', 'ಹರಿಜನ' ಈ ಮೂರೂ ಪಟ್ಟಿಯಲ್ಲಿ ಇಲ್ಲ. ಭಾಷಣದಲ್ಲಿ, ಸಂಘದ ಹೆಸರಲ್ಲಿ ಇರಬಹುದು. ಆದರೆ ಜಾತಿ ಕಾಲಂನಲ್ಲಿ ಬರೆದರೆ ಅದಕ್ಕೆ ಬೆಲೆ ಇಲ್ಲ. ಜಾತಿ ಪ್ರಮಾಣಪತ್ರದಲ್ಲಿ 'ಹರಿಜನ' ಅಂತ ಬರೆಯಬೇಡಿ, ನಿರ್ದಿಷ್ಟ ಜಾತಿ ಹೆಸರನ್ನೇ ಬರೆಯಿರಿ ಅಂತ ಕೇಂದ್ರ ಗೃಹ ಸಚಿವಾಲಯ 1982ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಅಜ್ಜನ ಕಾಲದ ಶಾಲಾ ದಾಖಲೆಯಲ್ಲಿ ಆ ಪದ ಇದ್ದರೆ ಮೊಮ್ಮಕ್ಕಳ ಅರ್ಜಿಗೆ ಈಗಲೂ ತೊಡಕು.

ಬೆಟ್ಟ ಕುರುಬರು ಕಾದದ್ದು ಒಂದು ಪದಕ್ಕೆ

ಬಂಡೀಪುರದ ಅಂಚಿನಲ್ಲಿ, ಮೈಸೂರು ಮತ್ತು ಕೊಡಗಿನ ಕಾಡಂಚಿನಲ್ಲಿ ಇರುವ ಒಂದು ಸಮುದಾಯ ತಮ್ಮನ್ನು ಬೆಟ್ಟ ಕುರುಬರು ಅಂತ ಕರೆದುಕೊಳ್ಳುತ್ತದೆ. ಬಿದಿರು ಸೀಳಿ ಬುಟ್ಟಿ, ಮಂಕರಿ ಹೆಣೆಯುವ ಕೈ ಅವರದು. 1950ರ ಪಟ್ಟಿಯಲ್ಲಿ 'ಜೇನು ಕುರುಬ' ಇತ್ತು, 'ಕಾಡು ಕುರುಬ' ಇತ್ತು. 'ಬೆಟ್ಟ ಕುರುಬ' ಇರಲಿಲ್ಲ.

ಕಾಡು ಕುರುಬ, ಬೆಟ್ಟ ಕುರುಬ ಇಬ್ಬರೂ ಒಂದೇ ಅಂತ ಊರವರಿಗೆ ಗೊತ್ತು. ಆದರೆ ಕಾನೂನಿಗೆ ಗೊತ್ತಿರಬೇಕಲ್ಲ. ಬೆಟ್ಟ ಕುರುಬ ಅಂತ ನಿಜ ಹೇಳಿದರೆ ಪಟ್ಟಿಯಲ್ಲಿ ಇಲ್ಲ. ಕಾಡು ಕುರುಬ ಅಂತ ಹೇಳಿದರೆ ಶಾಲೆ ದಾಖಲೆಯಲ್ಲಿ ಹಾಗಿಲ್ಲ. ಬರೀ 'ಕುರುಬ' ಅಂತ ಮೇಷ್ಟ್ರು ಬರೆದುಬಿಟ್ಟಿದ್ದರಂತೂ ಇನ್ನೂ ಕಷ್ಟ. ಯಾಕಂದ್ರೆ ನಮ್ಮ ಜಿಲ್ಲೆಯಲ್ಲಿ ಕುರುಬ ಅಂದರೆ ಕುರಿ ಸಾಕುವ ಸಮುದಾಯ, ಹಿಂದುಳಿದ ವರ್ಗದ ಪ್ರವರ್ಗ 2ಎ. ಅದೇ 'ಕುರುಬ' ಪದ ಕೊಡಗು ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಜಿಲ್ಲೆಯ ಗಡಿ ದಾಟಿದರೆ ಪದದ ಅರ್ಥವೇ ಬದಲು.

ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ಮಸೂದೆ ಒಪ್ಪಿದವು. 'ಕಾಡು ಕುರುಬ'ಕ್ಕೆ ಪರ್ಯಾಯ ಪದವಾಗಿ 'ಬೆಟ್ಟ ಕುರುಬ' ಸೇರಿತು. ಇದರಿಂದ ಅನುಕೂಲ ಆಗುವವರು ಸುಮಾರು 5 ಸಾವಿರ ಜನ ಅಂತ ಆಗ ಹೇಳಲಾಯಿತು. ಐದು ಸಾವಿರ ಜನರಿಗೆ ಒಂದು ಪದ ಸೇರಿಸಲು ದೆಹಲಿ ತನಕ ಹೋಗಬೇಕಾಯಿತು. 1950ರಿಂದ ಲೆಕ್ಕ ಹಾಕಿದರೆ 72 ವರ್ಷ.

ಆ ಪದ ಇಲ್ಲದಿದ್ದರೆ ನಷ್ಟ ಏನು? ಸೀಟು, ಹಾಸ್ಟೆಲ್ ಮಾತ್ರ ಅಲ್ಲ. ಅರಣ್ಯ ಹಕ್ಕು ಕಾಯ್ದೆ 2006 ನೋಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಇದ್ದು, ಜೀವನಕ್ಕೆ ಅದನ್ನೇ ನಂಬಿದ್ದರೆ ಅರ್ಜಿ ಹಾಕಬಹುದು. ಉಳಿದವರು 'ಇತರೆ ಪಾರಂಪರಿಕ ಅರಣ್ಯವಾಸಿ' ಆಗುತ್ತಾರೆ. ಅವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಪುರಾವೆ ಕೊಡಬೇಕು. ಕಾಡಿನಲ್ಲಿ ಹುಟ್ಟಿ ಬೆಳೆದ, ಓದು ಬರಹ ಕಾಣದ ಮನೆಯವರು 1930ರ ಪುರಾವೆ ಎಲ್ಲಿಂದ ತರುತ್ತಾರೆ? ಒಂದೇ ಹಾಡಿಯ ಎರಡು ಗುಡಿಸಲಿಗೆ ಎರಡು ಕಾನೂನು ಆಗುವುದು ಹೀಗೆ.

ಜೇನು ಕುರುಬರಿಗೆ ಇರುವುದು, ಸೋಲಿಗರಿಗೆ ಇಲ್ಲದ್ದು

ಪರಿಶಿಷ್ಟ ಪಂಗಡದ ಒಳಗೂ ಇನ್ನೊಂದು ಗೆರೆ ಇದೆ. ದೇಶದಲ್ಲಿ 75 ಬುಡಕಟ್ಟುಗಳನ್ನು 'ವಿಶೇಷವಾಗಿ ದುರ್ಬಲ ಬುಡಕಟ್ಟು' ಅಂತ ಗುರುತಿಸಿದ್ದಾರೆ. ಕರ್ನಾಟಕದಿಂದ ಇರುವುದು ಎರಡೇ, ಜೇನು ಕುರುಬ ಮತ್ತು ಕೊರಗ. 2006ರ ತನಕ ಈ ಗುಂಪಿಗೆ ಸರ್ಕಾರಿ ಕಾಗದದಲ್ಲಿ 'ಆದಿಮ ಬುಡಕಟ್ಟು' ಅಂತ ಹೆಸರಿತ್ತು. ಆದಿಮ ಅನ್ನುವುದು ಕಾಡುಮನುಷ್ಯ ಅಂದ ಹಾಗೆ, ಅವಮಾನ ಅಂತ ಪದ ಬದಲಾಯಿಸಿದರು.

ಪದ ಬದಲಾದರೂ ಅಳತೆಗೋಲು ಮಾತ್ರ ಪೂರ್ತಿ ಬದಲಾಗಿಲ್ಲ. ಯಾರು ಪರಿಶಿಷ್ಟ ಪಂಗಡ ಅಂತ ಹೇಳಲು ಇಂದಿಗೂ 1965ರ ಲೋಕೂರ್ ಸಮಿತಿ ಹಾಕಿಕೊಟ್ಟ ಐದು ಲಕ್ಷಣಗಳನ್ನೇ ನೋಡುತ್ತಾರೆ: ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕ ಭೂಭಾಗ, ಹೊರಗಿನವರೊಂದಿಗೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಮೊಬೈಲ್ ಹಿಡಿದು ಡಿಗ್ರಿ ಓದುತ್ತಿರುವ ಹಾಡಿಯ ಹುಡುಗಿಯ ಸಮುದಾಯವನ್ನು 'ಸಂಕೋಚ'ದ ಮೇಲೆ ಅಳೆಯುವುದು ಸರಿಯಾ ಅನ್ನುವ ಪ್ರಶ್ನೆ ಹಾಗೇ ಇದೆ.

2023ರ ನವೆಂಬರ್ 15ರಂದು ಶುರುವಾದ ಪಿಎಂ ಜನಮನ್ ಯೋಜನೆಯಲ್ಲಿ ಮನೆ, ರಸ್ತೆ, ಕುಡಿಯುವ ನೀರು, ಕರೆಂಟು, ಅಂಗನವಾಡಿ ಎಲ್ಲಾ ಇದೆ. ಆದರೆ ಅದು ಈ 75 ಗುಂಪುಗಳಿಗೆ ಮಾತ್ರ. ಹಾಗಾಗಿ ಜೇನು ಕುರುಬರು ಅದರ ಒಳಗೆ, ಪಕ್ಕದ ಹಾಡಿಯ ಸೋಲಿಗರು, ಕಾಡು ಕುರುಬರು ಹೊರಗೆ. ಅವರಿಗೆ 2024ರ ಅಕ್ಟೋಬರ್‌ನಲ್ಲಿ ಬಂದ 'ಧರ್ತಿ ಆಬಾ' ಅಭಿಯಾನ. ಯಾವ ಯೋಜನೆಗೆ ಯಾರು ಅನ್ನುವುದು ಗೊತ್ತಿಲ್ಲದೆ "ಅವರಿಗೆ ಕೊಟ್ಟರು, ನಮಗೆ ಯಾಕಿಲ್ಲ" ಅಂತ ಅಕ್ಕಪಕ್ಕದವರ ನಡುವೆ ಮನಸ್ತಾಪ ಆಗುವುದಕ್ಕೆ ಈ ಗೆರೆಯೇ ಕಾರಣ.

ಗುಂಡ್ಲುಪೇಟೆ ತಾಲ್ಲೂಕಿಗೆ ಇನ್ನೊಂದು ತೊಡಕು. ಒಂದು ಕಡೆ ಕೇರಳದ ವಯನಾಡು, ಇನ್ನೊಂದು ಕಡೆ ತಮಿಳುನಾಡಿನ ನೀಲಗಿರಿ. ಇಲ್ಲಿ ಜೇನು ಕುರುಬ ಅನ್ನುವವರ ನೆಂಟರನ್ನು ಗಡಿ ಆಚೆ 'ಕಾಟ್ಟುನಾಯಕನ್' ಅಂತ ಬರೆಯುತ್ತಾರೆ. ಎಸ್ಸಿ, ಎಸ್ಟಿ ಸ್ಥಾನ ರಾಜ್ಯಕ್ಕೆ ಕಟ್ಟಿದ್ದು, ಒಂದು ರಾಜ್ಯದ ಪ್ರಮಾಣಪತ್ರ ಇಟ್ಟುಕೊಂಡು ಇನ್ನೊಂದು ರಾಜ್ಯದ ಮೀಸಲಾತಿ ಕೇಳಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹಾಗಾಗಿ ಆ ಕಡೆಯಿಂದ ಬಂದು ನೆಲೆಸಿದವರ ಅರ್ಜಿಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಒಂದೇ ಜನ, ಎರಡು ನಂಬರ್

ರಾಜ್ಯದ ಎಸ್ಟಿ ಪಟ್ಟಿ ತೆಗೆದು ನೋಡಿದರೆ 44ನೇ ನಂಬರ್ 'ಶೋಲಗ', 45ನೇ ನಂಬರ್ 'ಸೋಲಿಗರು'. ಬಿಳಿಗಿರಿರಂಗನ ಬೆಟ್ಟದವರು, ಮಲೆ ಮಹದೇಶ್ವರ ಬೆಟ್ಟದವರು ಎಲ್ಲರೂ ಸೋಲಿಗರೇ. ಹಾಗಾದರೆ ಎರಡು ಯಾಕೆ?

ಉತ್ತರ ಭೂಪಟದಲ್ಲಿದೆ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ಮೈಸೂರಿನಲ್ಲಿದ್ದವು. ಮದ್ರಾಸಿನ ಗುಮಾಸ್ತರು 'ಶೋಲಗ' ಅಂತ ಬರೆದರು. ಮೈಸೂರಿನವರು 'ಸೋಲಿಗರು' ಅಂದರು. ಏಕೀಕರಣ ಆದ ಮೇಲೆ ಜನ ಒಂದಾದರು, 1976ರಲ್ಲಿ ಪಟ್ಟಿಗಳನ್ನು ರಾಜ್ಯಕ್ಕೆಲ್ಲ ಒಂದು ಮಾಡಿದಾಗ ಎರಡು ಹೆಸರೂ ಪಕ್ಕಪಕ್ಕ ಕುಳಿತವು. ಎರಡೂ ಎಸ್ಟಿಯೇ, ಲಾಭದಲ್ಲಿ ವ್ಯತ್ಯಾಸ ಇಲ್ಲ. ಆದರೆ ಅಪ್ಪನ ಪ್ರಮಾಣಪತ್ರದಲ್ಲಿ ಒಂದು, ಮಗನದರಲ್ಲಿ ಇನ್ನೊಂದು ಆದರೆ ಪರಿಶೀಲನೆ ವೇಳೆ ಪ್ರಶ್ನೆ ಬರುತ್ತದೆ.

ಕೊಳ್ಳೇಗಾಲದ ಕಥೆ ಇಲ್ಲಿಗೇ ಮುಗಿಯಲ್ಲ. 'ಕಮ್ಮಾರ' ಅನ್ನುವ ಹೆಸರು 1976ರ ಎಸ್ಟಿ ಪಟ್ಟಿಯಲ್ಲಿದೆ. ಆದರೆ ಪಕ್ಕದಲ್ಲೇ ಷರತ್ತು: ದಕ್ಷಿಣ ಕನ್ನಡ ಜಿಲ್ಲೆ ಮತ್ತು 'ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿ'ನಲ್ಲಿ ಮಾತ್ರ. ಚಾಮರಾಜನಗರ ಪೇಟೆಯ ಕಮ್ಮಾರ ವಿಶ್ವಕರ್ಮರ ಜೊತೆ 2ಎ. ಕೊಳ್ಳೇಗಾಲ ಈಗ ಮೈಸೂರು ಜಿಲ್ಲೆಯಲ್ಲಿ ಇಲ್ಲವಲ್ಲ, 1997ರಲ್ಲಿ ನಮ್ಮ ಜಿಲ್ಲೆ ಆಯಿತಲ್ಲ, 2018ರಲ್ಲಿ ಹನೂರು ಬೇರೆ ತಾಲ್ಲೂಕಾಯಿತಲ್ಲ ಅಂತ ಕೇಳಬಹುದು. ಅದಕ್ಕೂ ಆದೇಶದಲ್ಲಿ ಉತ್ತರ ಇದೆ. ಜಿಲ್ಲೆ, ತಾಲ್ಲೂಕು ಅಂದರೆ 1976ರ ಮೇ 1ರಂದು ಹೇಗಿತ್ತೋ ಹಾಗೆ ಓದಿಕೊಳ್ಳಬೇಕು. ಹಾಗಾಗಿ ಹಳೇ ಕೊಳ್ಳೇಗಾಲದ ಗಡಿ ಕಡತದಲ್ಲಿ ಇನ್ನೂ ಜೀವಂತ.

ಎಕೆ ಅಂದರೆ ಯಾರು?

ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯ ಬಹಳ ಜನರ ಪ್ರಮಾಣಪತ್ರದಲ್ಲಿ 'ಆದಿ ಕರ್ನಾಟಕ' ಅಂತ ಇದೆ. ಕೆಲವರದರಲ್ಲಿ 'ಆದಿ ದ್ರಾವಿಡ'. ಇವು ಹುಟ್ಟಿನಿಂದ ಬಂದ ಜಾತಿ ಹೆಸರುಗಳಲ್ಲ. ಹಳೇ ಮೈಸೂರು ಸಂಸ್ಥಾನದ ಕಾಲದಲ್ಲಿ, ಹೊಲೆಯ, ಮಾದಿಗ ಅನ್ನುವ ಪದಗಳನ್ನು ಬೈಗುಳವಾಗಿ ಬಳಸುತ್ತಿದ್ದುದರಿಂದ, ಈ ನೆಲದ ಮೊದಲಿಗರು ಅನ್ನುವ ಅರ್ಥದಲ್ಲಿ ಗೌರವದ ಹೆಸರಾಗಿ ಬಂದವು. ಉದ್ದೇಶ ಒಳ್ಳೆಯದೇ. ಆದರೆ ಕೆಲವು ಜಿಲ್ಲೆಗಳಲ್ಲಿ ಬಲಗೈ ಸಮುದಾಯ ಎಕೆ ಅಂತ ಬರೆಸಿತು, ಕೆಲವು ಕಡೆ ಎಡಗೈ ಸಮುದಾಯ ಎಕೆ ಆಯಿತು. ಎಡಿ ಕೂಡ ಹಾಗೆಯೇ.

ಎಲ್ಲರಿಗೂ ಒಂದೇ ಮೀಸಲಾತಿ ಇದ್ದಾಗ ಇದು ಸಮಸ್ಯೆ ಆಗಿರಲಿಲ್ಲ. ಒಳಮೀಸಲಾತಿ ಕೊಡಬಹುದು ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಲ್ಲಾ ಬದಲಾಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತು. "ಎಕೆ ಸರಿ, ಮೂಲ ಜಾತಿ ಯಾವುದು?" ಅಂತ ಕೇಳಿದಾಗ ಹೇಳದವರೂ ಇದ್ದರು. ಬಾಡಿಗೆ ಮನೆ ಓನರ್ ಮುಂದೆ ಹೇಗೆ ಹೇಳುವುದು ಅನ್ನುವ ಅಳುಕನ್ನು ತಪ್ಪು ಅನ್ನಲಾಗಲ್ಲ. ಆಯೋಗ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ, ಮೂಲ ಜಾತಿ ಹೇಳದ ಎಕೆ, ಎಡಿ, ಎಎ ಗುಂಪಿಗೆ ಶೇ 1ರ ಪ್ರತ್ಯೇಕ ಪ್ರವರ್ಗ ಸೂಚಿಸಿತ್ತು. ಸಚಿವ ಸಂಪುಟ ಆಗಸ್ಟ್ 19ರಂದು ಅದನ್ನು ಕೈಬಿಟ್ಟು ಎಡಗೈಗೆ ಶೇ 6, ಬಲಗೈಗೆ ಶೇ 6, ಉಳಿದವರಿಗೆ ಶೇ 5 ಅಂತ ಮೂರು ಭಾಗ ಮಾಡಲು ತೀರ್ಮಾನಿಸಿತು. ನೂರು ವರ್ಷದ ಹಿಂದೆ ಅವಮಾನ ತಪ್ಪಿಸಲು ತಂದ ಹೆಸರು, ಈಗ ಪಾಲು ಕೇಳುವಾಗ ಅಡ್ಡ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಮೂಲ ಜಾತಿಯ ಹೆಸರು ಫಾರಂನಲ್ಲಿ ಕಾನೂನಿನ ಪದ. ಅದೇ ಪದ ಹಿಡಿದು ಸಾರ್ವಜನಿಕರ ಎದುರು ಯಾರಾದರೂ ನಿಂದಿಸಿದರೆ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ಬರೆಸಿಕೊಳ್ಳುವುದು ಹಕ್ಕು, ಬೈಯುವುದು ಕೇಸು.

ನಾಯಕ, ಪರಿವಾರ

ನಾಯಕ ಸಮುದಾಯದ ಕಥೆಯೂ ಇದೇ ದಾರಿಯದು. 'ನಾಯಕ'ದ ಜೊತೆ ಬೇಡ, ವಾಲ್ಮೀಕಿ ಮುಂತಾದ ಪರ್ಯಾಯ ಪದಗಳು ಸೇರಿದ್ದು 1991ರಲ್ಲಿ. 'ಪರಿವಾರ', 'ತಳವಾರ' ಸೇರಲು 2020 ಆಗಬೇಕಾಯಿತು. ಅದಕ್ಕೆ ಮೊದಲು, ದಾಖಲೆಯಲ್ಲಿ ಬರೀ 'ಪರಿವಾರ' ಅಂತ ಇದ್ದವರಿಗೆ ಎಸ್ಟಿ ಪ್ರಮಾಣಪತ್ರ ಸಿಗುವುದು ಕಷ್ಟವಿತ್ತು.

ಕೋರ್ಟ್ ಏನು ಹೇಳುತ್ತೆ?

"ಎರಡೂ ಒಂದೇ ಜಾತಿ, ಸಾಕ್ಷಿ ಕೊಡುತ್ತೇನೆ" ಅಂತ ಕೋರ್ಟಿಗೆ ಹೋದರೆ? ಒಮ್ಮೆ ನಮ್ಮ ರಾಜ್ಯದವರೇ ಹೋಗಿದ್ದರು. 1962ರ ವಿಧಾನಸಭಾ ಚುನಾವಣೆಯಲ್ಲಿ ಮೀಸಲು ಕ್ಷೇತ್ರದಲ್ಲಿ ಗೆದ್ದ ಮುನಿಚಿನ್ನಪ್ಪ ಅವರು ವಡ್ಡರು, ಪಟ್ಟಿಯಲ್ಲಿ ಇರುವುದು 'ಭೋವಿ', ಹಾಗಾಗಿ ಅವರ ಆಯ್ಕೆ ಅಸಿಂಧು ಅಂತ ಬಿ.ಬಸವಲಿಂಗಪ್ಪ ದಾವೆ ಹೂಡಿದರು. ವಡ್ಡರನ್ನು ಇನ್ನು ಬೋಯಿ ಅಂತ ಕರೆಯಬೇಕು ಅಂತ ಮೈಸೂರು ಸರ್ಕಾರ 1946ರಲ್ಲಿ ಆದೇಶ ಮಾಡಿತ್ತು. ಹಳೇ ಮೈಸೂರಿನಲ್ಲಿ ಭೋವಿ ಅನ್ನುವ ಬೇರೆ ಜಾತಿಯೇ ಇರಲಿಲ್ಲ, ಹಾಗಾಗಿ ಪಟ್ಟಿಯ ಭೋವಿ ಅಂದರೆ ವಡ್ಡರೇ ಅಂತ 1964ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಆದರೆ ಆ ಬಾಗಿಲು ಈಗ ಮುಚ್ಚಿದೆ. 2000ದಲ್ಲಿ ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ ಸಂವಿಧಾನ ಪೀಠ, ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಓದಬೇಕು, ಇದೂ ಅದೂ ಒಂದೇ ಅಂತ ತೋರಿಸಲು ವಿಚಾರಣೆ ನಡೆಸುವಂತಿಲ್ಲ ಅಂತ ಹೇಳಿತು. ಬೆಟ್ಟ ಕುರುಬರು ಸಂಸತ್ತಿನ ತನಕ ಕಾಯಬೇಕಾದದ್ದು ಇದಕ್ಕೇ.

ಜನ ಏನು ಮಾಡಬೇಕು?

* ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗಲೇ ಜಾತಿ ಕಾಲಂ ನೋಡಿ. ಪಟ್ಟಿಯಲ್ಲಿ ಇರುವ ಪೂರ್ತಿ ಹೆಸರು ಬರೆಸಿ. 'ಕುರುಬ' ಬೇರೆ, 'ಕಾಡು ಕುರುಬ' ಬೇರೆ. 'ಎಸ್ಟಿ' ಅಂತ ಬರೆದರೆ ಅದು ಜಾತಿಯ ಹೆಸರಲ್ಲ.
* ಅಪ್ಪ, ಚಿಕ್ಕಪ್ಪ, ಅಣ್ಣಂದಿರ ಪ್ರಮಾಣಪತ್ರದಲ್ಲಿ ಯಾವ ಪದ ಇದೆಯೋ ಅದೇ ಪದ ಬರೆಸಿ. ಒಂದೇ ಮನೆಯಲ್ಲಿ ಎರಡು ಪದ ಬೇಡ.
* ಮದುವೆಯಾದ ಮಾತ್ರಕ್ಕೆ ಹೆಣ್ಣುಮಕ್ಕಳ ಜಾತಿ ಬದಲಾಗಲ್ಲ. ತವರಿನ ದಾಖಲೆಯೇ ಆಧಾರ.
* ಎಸ್ಸಿ, ಎಸ್ಟಿ ಜಾತಿ ಪ್ರಮಾಣಪತ್ರಕ್ಕೆ ಜೀವಿತಾವಧಿ ಮಾನ್ಯತೆ ಇದೆ. ವರ್ಷ ವರ್ಷ ಮಾಡಿಸಬೇಕಿಲ್ಲ. ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ.
* ತಹಶೀಲ್ದಾರ್ ಅರ್ಜಿ ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ. 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. 1990ರ ರಾಜ್ಯ ಮೀಸಲಾತಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ.
* ಸರ್ಕಾರಿ ನೌಕರಿಗೆ ಆಯ್ಕೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿಯಿಂದ ಸಿಂಧುತ್ವ ಪ್ರಮಾಣಪತ್ರ ಬೇಕು. ಶಾಲಾ ದಾಖಲೆಯ ಒಂದು ಪದದ ವ್ಯತ್ಯಾಸ ಅಲ್ಲಿ ದೊಡ್ಡದಾಗುತ್ತೆ. ಹಾಗಾಗಿ ಮೊದಲೇ ಸರಿ ಮಾಡಿಸಿಕೊಳ್ಳಿ.
* ಸುಳ್ಳು ಪ್ರಮಾಣಪತ್ರ ಪಡೆದರೆ ಕೆಲಸ ಹೋಗುವುದಲ್ಲದೆ ಕ್ರಿಮಿನಲ್ ಕೇಸ್ ಕೂಡ ಆಗುತ್ತದೆ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ತನಿಖೆ ಮಾಡುತ್ತದೆ.

ಮುಂದಿನ ಎಣಿಕೆ

1931ರ ನಂತರ ದೇಶದ ಜನಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಪ್ರಕಟವಾಗಿಲ್ಲ. 1951ರಿಂದ ಎಸ್ಸಿ, ಎಸ್ಟಿ ಮಾತ್ರ ಎಣಿಸುತ್ತಾ ಬಂದರು. 2027ರ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಪ್ರಕಟಿಸಿತು. ಗಣತಿದಾರರು ಬಂದು ಕೇಳುವಾಗ ಮನೆಯಲ್ಲಿ ಯಾರು ಇರುತ್ತಾರೋ ಅವರು ಹೇಳಿದ್ದೇ ದಾಖಲಾಗುತ್ತದೆ. ಅಜ್ಜಿ ಒಂದು ಹೇಳಿ, ಮೊಮ್ಮಗ ಇನ್ನೊಂದು ಹೇಳಿದರೆ ಸಣ್ಣ ಸಮುದಾಯಗಳ ಸಂಖ್ಯೆ ಎರಡಾಗಿ ಒಡೆಯುತ್ತದೆ. ಲಕ್ಷಗಟ್ಟಲೆ ಜನ ಇರುವ ಜಾತಿಗೆ ನೂರು ಹೆಸರು ತಪ್ಪಿದರೆ ಗೊತ್ತಾಗಲ್ಲ. ಐದು ಸಾವಿರ ಇರುವವರಿಗೆ ಅದೇ ನೂರು ಹೆಸರು ಅಂದರೆ ಒಂದು ಇಡೀ ಹಾಡಿ. ಯಾವ ಪದ ಹೇಳಬೇಕು ಅನ್ನುವುದನ್ನು ಮನೆಯಲ್ಲಿ, ಹಾಡಿಯಲ್ಲಿ ಕೂತು ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.